ಬೀರಣ್ಣನ ಟೋಪಿಯ ಬಿಲ್ಲೆ

ಮೊದಲು ಮೂಸಿ ನೋಡಿದೆ.

ಪುಣೆಯ ಸಂಗ್ರಾಹಕರೊಬ್ಬರು ಕೊರಿಯರ್‌ನಲ್ಲಿ ಕಳಿಸಿದ ಉಂಗುರ ಅದು. ಎರಡನೇ ಮಹಾಯುದ್ಧದ ಪೈಲಟ್ ಒಬ್ಬನ ಬೆರಳಿನಲ್ಲಿ ಇದ್ದದ್ದಂತೆ. ಮೇಲೆ ರೆಕ್ಕೆಯ ಗುರುತು, ಒಳಗೆ ಕಪ್ಪು, ಸಂದಿಯಲ್ಲಿ ಹಸಿರು ಕಿಲುಬು. ಎಂಬತ್ತು ವರ್ಷ ಹಳೆಯದು ಅನ್ನಲು ಏನೇನು ಬೇಕೋ ಎಲ್ಲವೂ ಇತ್ತು. ನನಗೆ ಸಂಶಯ ಬಂದದ್ದೇ ಅಲ್ಲಿ. ಬೇಕಾದದ್ದೆಲ್ಲ ಒಂದೇ ಕಡೆ ಸಿಕ್ಕಿದರೆ ನನಗೆ ಸಮಾಧಾನವಿರುವುದಿಲ್ಲ. ಐಗ್ಲಾಸನ್ನು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮೊದಲು ಉಂಗುರವನ್ನು ಮೂಗಿನ ಹತ್ತಿರ ಹಿಡಿದೆ. ಒಣಮೀನಿನ ವಾಸನೆ.

ಕಾರವಾರದವಳಿಗೆ ಒಣಮೀನನ್ನು ಗುರುತಿಸಲು ಯಾರಾದರೂ ಹೇಳಿಕೊಡಬೇಕೆ? ಯಾರೋ ಪುಣ್ಯಾತ್ಮ ಹೊಸ ಉಂಗುರವನ್ನು ಉಪ್ಪುಮೀನಿನ ಡಬ್ಬಿಯಲ್ಲಿ ಕೆಲವು ವಾರ ಹುಗಿದಿಟ್ಟು ಕಿಲುಬು ಹಿಡಿಸಿದ್ದ. 'ನಿಮ್ಮ ಪೈಲಟ್ ವಿಮಾನ ಹಾರಿಸಿದ್ದು ಮೀನುಪೇಟೆಯ ಮೇಲೆ ಇರಬೇಕು' ಎಂದು ಬರೆದು ವಾಪಸ್ ಕಳಿಸಿದೆ. ಆ ಸಾಲು ನನಗೆ ಎಷ್ಟು ಹಿಡಿಸಿತೆಂದರೆ ಎರಡು ದಿನ ಫೋನ್ ಮಾಡಿದವರಿಗೆಲ್ಲ ಓದಿ ಹೇಳಿದೆ.

ಈ ಅಂಕಣಕ್ಕೆ ಹೊಸದಾಗಿ ಬಂದವರಿಗೆ ಒಂದು ಮಾತು. ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ಅಪ್ಪನಿಗೆ ಕಾರವಾರದ ಪೇಟೆಯಲ್ಲಿ ವಾಚ್ ರಿಪೇರಿ ಅಂಗಡಿ ಇತ್ತು. ಅಂಗಡಿ ಹೋಯಿತು, ಅವನು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಐಗ್ಲಾಸ್, ಆ ಪುಟ್ಟ ಭೂತಗನ್ನಡಿ, ನನಗೆ ಉಳಿಯಿತು. ಅದರಲ್ಲಿ ಹಳೆಯ ನಾಣ್ಯ ನೋಡುತ್ತಿದ್ದವಳು ಮೆಲ್ಲಗೆ ಸೈನಿಕರ ಬಿಲ್ಲೆಗಳಿಗೆ ಬಂದೆ. ಟೋಪಿಗೆ ಸಿಕ್ಕಿಸುವ ಹಿತ್ತಾಳೆ ಬಿಲ್ಲೆ, ಭುಜದ ಮೇಲಿನ ಅಕ್ಷರ, ಸಿಪಾಯಿಗಳು ಬಿಡುವಿನಲ್ಲಿ ಕೂತು ಬಿದ್ದ ವಿಮಾನದ ತಗಡಿನಿಂದ ಮಾಡಿಕೊಂಡ ಉಂಗುರ. ಇವಕ್ಕೆ ಮುಗಿಬೀಳುವ ಸಂಗ್ರಾಹಕರು ದೇಶದ ತುಂಬ ಇದ್ದಾರೆ. ಅಸಲಿ ಯಾವುದು, ನಕಲಿ ಯಾವುದು ಎಂದು ಅವರಿಗೆ ಹೇಳುವವರು ಬೇಕು. ಆ ಕೆಲಸ ಶಿರವಾಡದ ನಮ್ಮ ಮನೆಯ ಊಟದ ಟೇಬಲ್ಲಿನ ಮೇಲೆ ನಡೆಯುತ್ತದೆ. (ಊಟದ ಹೊತ್ತಿಗೆ ಎಲ್ಲ ಎತ್ತಿಡಬೇಕೆಂಬ ಷರತ್ತಿನ ಮೇಲೆ.)

ಈ ಕೆಲಸಕ್ಕೆ ಬೇಕಾದ ಅರ್ಹತೆ ಯಾರನ್ನೂ ನಂಬದಿರುವುದು. ಅದು ನನಗೆ ಹುಟ್ಟಿನಿಂದಲೇ ಇದೆ. ಹಾಲಿನ ಪ್ಯಾಕೆಟ್ಟಿನ ದಿನಾಂಕ ನೋಡುತ್ತೇನೆ. ಬಂಗಡೆಯ ಕಿವಿರು ಎತ್ತಿ ನೋಡುತ್ತೇನೆ. ಮದುವೆ ಕಾರ್ಡಿನಲ್ಲಿ 'ಉಡುಗೊರೆ ಬೇಡ' ಎಂದಿದ್ದರೆ ಎರಡು ಸಲ ಓದುತ್ತೇನೆ. ನನ್ನ ಗಂಡ ಮನೆಯ ಕೊಂಕಣಿಯಲ್ಲಿ, "ತುಕಾ ದುಬಾವ ಚಡ ಗೋ" ಅನ್ನುತ್ತಾರೆ. ನಿನಗೆ ಸಂಶಯ ಜಾಸ್ತಿ ಕಣೇ ಅಂತ. ಅದನ್ನು ನಾನು ಇಷ್ಟು ವರ್ಷ ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ.

ಮೀನಿನ ಉಂಗುರದ ಗತ್ತು ಇನ್ನೂ ಇಳಿದಿರಲಿಲ್ಲ, ಅಂಕೋಲೆಯ ಕಡೆಯಿಂದ ಒಂದು ಫೋನ್ ಬಂತು. ಭಾವಿಕೇರಿಯ ಹಮ್ಮಣ್ಣ ನಾಯಕರು. ಸೈನ್ಯದಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು. ಆ ಊರಿನಿಂದ ಸೈನ್ಯಕ್ಕೆ ಹೋದವರ ಹೆಸರನ್ನೆಲ್ಲ ಒಂದು ಕಪ್ಪು ಕಲ್ಲಿನ ಮೇಲೆ ಕೆತ್ತಿಸಿ ಶಾಲೆಯ ಅಂಗಳದಲ್ಲಿ ನಿಲ್ಲಿಸಬೇಕೆಂದು ಕಮಿಟಿ ಮಾಡಿಕೊಂಡಿದ್ದರು. ಅದಕ್ಕೆ ಇವರೇ ಹಿರಿಯರು.

"ಹೆಸ್ರೆಲ್ಲ ಪಕ್ಕಾ ಆಗದೆ ಅಕ್ಕೋರೆ. ಒಂದು ಹೆಸ್ರಿಗೆ ಮಾತ್ರ ತಕರಾರು. ಬೀರಣ್ಣ ನಾಯ್ಕ ಅಂಬವ್ರು. ಅವ್ರು ದೊಡ್ಡ ಯುದ್ಧಕ್ಕೆ ಹೋಗಿದ್ರು ಅಂತ ಮನೆಯವ್ರು ಹೇಳ್ತ್ರು, ಇಲ್ಲ ಅಂತ ಊರವ್ರು ಹೇಳ್ತ್ರು. ಕಾಗದ ಒಂದೂ ಇಲ್ಲ. ಟೋಪಿ ಬಿಲ್ಲೆ ಒಂದದೆ. ಅವ್ರ ಮಗಳ ಹತ್ರ ಕೊಟ್ಟು ಕಳಸ್ತೆ. ನೀವು ಖರೆ ಅಂತ ಬರ್ದು ಕೊಟ್ರೆ ಹೆಸ್ರು ಹಾಕೂದು, ಸುಳ್ಳು ಅಂದ್ರೆ ಬಿಡೂದು."

(ನಮ್ಮ ಕಡೆ ಶಾಲೆಯಲ್ಲಿ ಕಲಿಸಿದ ಹೆಂಗಸರು ಸಾಯುವವರೆಗೂ ಅಕ್ಕೋರೇ. ನಿವೃತ್ತಿ ಇಲಾಖೆಗೆ ಮಾತ್ರ.)

ನೋಡಿ, ನನ್ನ ಸಂಶಯ ಶುರುವಾದದ್ದು ಬಿಲ್ಲೆ ನೋಡುವುದಕ್ಕಿಂತ ಮೊದಲೇ. ಕಲ್ಲಿನ ಮೇಲೆ ಹೆಸರು ಬೇಕು. ಹೆಸರಿಗೆ ಸಾಕ್ಷಿ ಬೇಕು. ಸರಿಯಾಗಿ ಆ ಹೊತ್ತಿಗೆ ಒಂದು ಬಿಲ್ಲೆ ಹೊರಗೆ ಬಂತು. ಇಂಥ ಬಿಲ್ಲೆಗಳು ಈಗ ಆನ್‌ಲೈನ್‌ನಲ್ಲಿ ಡಜನ್‌ಗಟ್ಟಲೆ ಸಿಗುತ್ತವೆ. ನೀವಾಗಿದ್ದರೆ ಏನು ಅಂದುಕೊಳ್ಳುತ್ತಿದ್ದಿರಿ?

ಮರುದಿನ ಬೆಳಿಗ್ಗೆ ಹತ್ತಕ್ಕೆ ಗಿರಿಜಕ್ಕ ಬಂದರು. ಬೀರಣ್ಣನ ಮಗಳು. ಎಪ್ಪತ್ತೈದು ದಾಟಿದೆ, ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ಒಳಗೆ ಬಂದವರು ಮೊದಲು ಚೀಲದಿಂದ ಒಂದು ಪ್ಲಾಸ್ಟಿಕ್ ಕೊಟ್ಟೆ ತೆಗೆದು ನನ್ನ ಕೈಗಿಟ್ಟರು. ಒಣಗಿಸಿದ ಮುರುಗಲ ಸಿಪ್ಪೆ, ಅಂದರೆ ಕೋಕಂ. "ನಮ್ಮನೆ ಮರದ್ದೇ. ಸಾರು ಮಾಡೂಕೆ ಚಲೋ ಆಗ್ತದೆ." ಲಂಚ ಎಂದು ಮನಸ್ಸಿನ ಒಂದು ಮೂಲೆ ಹೇಳಿತು. ಹೌದು, ಮುರುಗಲ ಸಿಪ್ಪೆಯೂ ನನಗೆ ಲಂಚವಾಗಿ ಕಂಡಿತು. ಓದಿ ನಗಬೇಡಿ.

ಆಮೇಲೆ ಕರ್ಚೀಫಿನ ಗಂಟು ಬಿಚ್ಚಿದರು. ಬಿಚ್ಚುತ್ತ ಹೇಳಿದರು.

ಬೀರಣ್ಣ ಮದುವೆಯಾದ ವರ್ಷವೇ ಯಾರಿಗೂ ಹೇಳದೆ ಊರು ಬಿಟ್ಟು ಸೈನ್ಯಕ್ಕೆ ಸೇರಿದನಂತೆ. ಬರ್ಮಾದ ಕಾಡಿನಲ್ಲಿ ಇದ್ದನಂತೆ. ಐದು ವರ್ಷ ಬಿಟ್ಟು ಬಂದಾಗ ಊರು ಅವನ ಮುಖ ನೋಡಲಿಲ್ಲ. ಅಂಕೋಲೆಯ ಸುತ್ತಿನ ಊರುಗಳು ಎಂಥವೆಂದು ನಿಮಗೆ ಗೊತ್ತು. ಉಪ್ಪು ಮಾಡಿ ಜೈಲಿಗೆ ಹೋದವರು, ಕರ ಕೊಡದೆ ಗದ್ದೆ ಕಳೆದುಕೊಂಡವರು ಮನೆಮನೆಯಲ್ಲಿ ಇದ್ದರು. ಅಂಥಲ್ಲಿ ಬಿಳಿಯರ ಪಲ್ಟನ್ನಿಗೆ ಸೇರಿದವನಿಗೆ ಯಾರು ಮಣೆ ಹಾಕುತ್ತಾರೆ? ಕೆಲವು ವರ್ಷ ಕಳೆದ ಮೇಲೆ ಇನ್ನೊಂದು ಮಾತು ಹುಟ್ಟಿತು. ಇವನು ಯುದ್ಧಕ್ಕೂ ಹೋಗಿಲ್ಲ, ಬಾಂಬೆಯಲ್ಲಿ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ, ಬಿಲ್ಲೆಯನ್ನು ಗುಜರಿಯಲ್ಲಿ ತಂದದ್ದು ಅಂತ. ದ್ರೋಹಿ ಎಂದವರೂ ಅವರೇ, ಹೋಗಲೇ ಇಲ್ಲ ಎಂದವರೂ ಅವರೇ. ಎರಡೂ ಒಟ್ಟಿಗೆ ಹೇಗೆ ಸಾಧ್ಯವೆಂದು ಯಾರೂ ಕೇಳಿಕೊಂಡಂತಿಲ್ಲ. ಬಿಡುಗಡೆಯ ಕಾಗದಗಳಿದ್ದ ಪೆಟ್ಟಿಗೆಯನ್ನು ಒರಲೆ ತಿಂದಿತು. ಹೋಟ್ಲು ಬೀರಣ್ಣ ಎಂಬ ಹೆಸರು ಮಾತ್ರ ಉಳಿಯಿತು.

"ಶಾಲೆಗೆ ಹೋಗುವಾಗ ನಂಗೆ ಹೋಟ್ಲ ಗಿರಿಜೆ ಅಂತ ಕರೀತಿದ್ರು. ಈಗ್ಲೂ ಹಿಂದಿಂದ ಹಂಗೇ ಅಂತ್ರು. ಅಪ್ಪ ಹೋಗಿ ನಲವತ್ತು ವರ್ಷದ ಮೇಲಾಯ್ತು, ಅವಂಗೆ ಇನ್ನೆಂತ ಆಗಬೇಕು. ನಾ ಸಾಯೂದ್ರೊಳಗೆ ಆ ಕಲ್ಲಿನ ಮೇಲೆ ಅವ್ನ ಹೆಸ್ರು ನೋಡ್ಬೇಕು ಅಂತ ಒಂದು ಆಸೆ. ಅಷ್ಟೇಯ ಅಕ್ಕೋರೆ."

ಕೇಳಿ ಮನಸ್ಸು ಕರಗಿತೆ? ಇಲ್ಲ. ಕತೆ ಚೆನ್ನಾಗಿದ್ದಷ್ಟೂ ವಸ್ತು ಕೆಟ್ಟದ್ದಿರುತ್ತದೆ ಎಂದು ನನ್ನ ಅನುಭವ. ಒಣಮೀನಿನ ಉಂಗುರಕ್ಕೂ ಒಂದು ಪ್ರೇಮಕತೆ ಅಂಟಿಸಿ ಕಳಿಸಿದ್ದರು.

ಐಗ್ಲಾಸ್ ಸಿಕ್ಕಿಸಿಕೊಂಡು ಕೂತೆ. ಮೇಲೆ ಕಿರೀಟ, ಕೆಳಗೆ ಕಹಳೆ. ಎರಡೂ ಬಳಸಿ ಬಳಸಿ ಕರಗಿದ ಸಾಬೂನಿನ ಹಾಗೆ ನುಣ್ಣಗಾಗಿದ್ದವು. ಅಸಲಿ ಬಿಲ್ಲೆಯನ್ನು ಉಕ್ಕಿನ ಅಚ್ಚಿನಿಂದ ಒತ್ತಿರುತ್ತಾರೆ, ಗೆರೆಗಳು ಚೂಪಾಗಿರುತ್ತವೆ. ಅಸಲಿಯ ಮೇಲೆ ಮಣ್ಣೊತ್ತಿ ಎರಕ ಹೊಯ್ದ ನಕಲಿಯಲ್ಲಿ ಹೀಗೆ ನುಣ್ಣಗೆ, ಮೊದ್ದಾಗಿ ಬರುತ್ತವೆ. ಒಂದು.

ತಿರುಗಿಸಿದೆ. ಹಿಂಬದಿಯೂ ಫಳಫಳ. ಇದು ದೊಡ್ಡ ಸುಳಿವು. ಸಿಪಾಯಿ ದಿನಾ ಬೆಳಿಗ್ಗೆ ಬಿಲ್ಲೆ ಉಜ್ಜುತ್ತಾನೆ ನಿಜ, ಆದರೆ ಟೋಪಿಯ ಮೇಲಿದ್ದ ಹಾಗೇ ಉಜ್ಜುತ್ತಾನೆ. ಹಿಂಬದಿಗೆ ಯಾರ ಕೈಯೂ ಹೋಗುವುದಿಲ್ಲ, ಅಲ್ಲಿ ಎಂಬತ್ತು ವರ್ಷದ ಕಪ್ಪು ಕೂತಿರಬೇಕು. ಎರಡೂ ಕಡೆ ಒಂದೇ ಹೊಳಪು ಬಂದಿದೆ ಅಂದರೆ ಆಸಿಡ್ಡಿನಲ್ಲಿ ಅದ್ದಿ ತೆಗೆದಿದ್ದಾರೆ ಎಂದೇ ಲೆಕ್ಕ.

ಮೂರನೆಯದು ಸಿಕ್ಕಿದಾಗ ನನಗೆ ಒಳಗೊಳಗೇ ಖುಷಿಯಾಯಿತು. ಹಿಂಬದಿಯಲ್ಲಿ ಟೋಪಿಗೆ ಸಿಕ್ಕಿಸುವ ಎರಡು ಕೊಂಡಿಗಳಿರುತ್ತವೆ. ಅವುಗಳ ಬುಡದಲ್ಲಿ ಏನೋ ಕೆಂಪಗೆ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಪಾಲಿಶ್ ಅಂಗಡಿಯವರು ತಿರುಗುವ ಚಕ್ರಕ್ಕೆ ಒಂದು ಕೆಂಪು ಸಾಬೂನು ಹಚ್ಚುತ್ತಾರೆ. ಅದು ಸಂದಿಯಲ್ಲಿ ಸಿಕ್ಕಿಕೊಂಡರೆ ತೆಗೆಯಲು ಬರುವುದಿಲ್ಲ. ಹೊಸ ಮಾಲು ಎನ್ನಲು ಇದಕ್ಕಿಂತ ಬೇರೆ ಸಹಿ ಬೇಡ.

ಒಂದೇ ಒಂದು ಪ್ರಶ್ನೆ ಕೇಳಿದೆ. "ಗಿರಿಜಕ್ಕಾ, ಇದನ್ನು ಯಾವತ್ತಾದರೂ ಪಾಲಿಶ್ ಮಾಡಿಸಿದ್ದೀರಾ?"

"ಪಾಲಿಶಾ? ಇಲ್ಲಪ್ಪ. ಅದ್ನ ಮನೆಯಿಂದ ಹೊರಗೆ ತಂದದ್ದೇ ಇವತ್ತು."

ಸುಳ್ಳು ಸಿಕ್ಕಿಬಿತ್ತು ಅಂದುಕೊಂಡೆ. ಕೋಪವೂ ಬಂತು. ಇಷ್ಟು ವಯಸ್ಸಾದವರು, ಎದುರಿಗೆ ಕೂತು, ಕೆಂಪು ಸಾಬೂನು ಕಣ್ಣಿಗೆ ಹೊಡೆಯುತ್ತಿರುವಾಗ. ಲೆಟರ್‌ಹೆಡ್ ತೆಗೆದು ಬರೆದೆ: 'ಈ ಬಿಲ್ಲೆ ಯುದ್ಧಕಾಲದ್ದಲ್ಲ. ಇತ್ತೀಚಿನ ನಕಲು.' ಕೆಳಗೆ ಸಹಿ, ದಿನಾಂಕ. (ಹೌದು, ನನಗೆ ಲೆಟರ್‌ಹೆಡ್ ಇದೆ. ಅದರಲ್ಲಿ ಐಗ್ಲಾಸಿನ ಚಿತ್ರವೂ ಇದೆ.)

ಗಿರಿಜಕ್ಕ ಕಾಗದವನ್ನು ಓದಿದರು. ಎರಡನೇ ಸಲ ಬೆರಳಿಟ್ಟು ಓದಿದರು. "ಸಮಾ ನೋಡಿದ್ರ್ಯಾ ಅಕ್ಕೋರೆ?" ಎಂದು ಕೇಳಿದರು. ನೋಡಿದ್ದೇನೆ ಎಂದೆ. ನನ್ನನ್ನು ಯಾರಾದರೂ ಎರಡನೇ ಸಲ ಕೇಳಿದರೆ ನನಗೆ ಆಗುವುದಿಲ್ಲ. ಅವರು ಬಿಲ್ಲೆಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು, ಕಮಿಟಿಗೆ ಕೊಡಬೇಕಾದ ಕಾಗದವನ್ನು ಚೀಲಕ್ಕೆ ಹಾಕಿಕೊಂಡು, ಚಹಾ ಕುಡಿಯದೆ ಹೋದರು. ಸಿಪ್ಪೆಯ ಕೊಟ್ಟೆ ಟೇಬಲ್ಲಿನ ಮೇಲೆ ಉಳಿಯಿತು.

ಇಲ್ಲಿಗೆ ಮುಗಿದಿದ್ದರೆ ಈ ವಾರ ನೀವು ಒಣಮೀನಿನ ಉಂಗುರದ ಬಗ್ಗೆ ಮಾತ್ರ ಓದುತ್ತಿದ್ದಿರಿ. ನನಗೂ ಅದೇ ಇಷ್ಟವಿತ್ತು.

ಮೂರು ವಾರ ಕಳೆಯಿತು. ಚೌತಿ ಹತ್ತಿರ ಬಂತು. ಚೌತಿಗೆ ಮೊದಲು ದೇವರ ಕೋಣೆಯ ಹಿತ್ತಾಳೆ ಸಾಮಾನೆಲ್ಲ ಅಂಗಳಕ್ಕೆ ಬರುವುದು ನಮ್ಮಲ್ಲಿ ಪದ್ಧತಿ. ಹಿಂದಿನ ದಿನ ಗಿರಿಜಕ್ಕನ ಸಿಪ್ಪೆ ನೆನೆಸಿ ಸಾರು ಮಾಡಿದ್ದೆ. (ಸಾರು ಚೆನ್ನಾಗಿಯೇ ಆಗಿತ್ತು. ಲಂಚ ಎಂದುಕೊಂಡವಳು ಎರಡು ಸಲ ಬಡಿಸಿಕೊಂಡೆ.) ಹಿಂಡಿ ಉಳಿದ ಸಿಪ್ಪೆಯನ್ನು ಯಾರು ಬಿಸಾಡುತ್ತಾರೆ? ಅದಕ್ಕೆ ಚೂರು ಉಪ್ಪು ಸೇರಿಸಿ ದೀಪ, ಗಂಟೆ, ಆರತಿ ತಟ್ಟೆ ಎಲ್ಲವನ್ನೂ ತಿಕ್ಕಲು ಕೂತೆ. ಹಿಂದೆ, ಮುಂದೆ, ಬುಡ, ಸಂದಿ. ಹುಳಿಗೆ ಹಿತ್ತಾಳೆ ಹೇಗೆ ಹೊಳೆಯುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಅಮ್ಮನ ಕಾಲದ ಆರತಿ ತಟ್ಟೆಯ ನವಿಲು ಈಗ ನವಿಲೋ ಕೋಳಿಯೋ ತಿಳಿಯುವುದಿಲ್ಲ, ತಿಕ್ಕಿ ತಿಕ್ಕಿ ಅಷ್ಟು ಸವೆದಿದೆ.

ಆ ತಟ್ಟೆಯ ಹಿಡಿಕೆಯ ಬುಡದಲ್ಲಿ ಕೈ ನಿಂತಿತು. ಅಲ್ಲಿ ಏನೋ ಕೆಂಪಗೆ, ಗಟ್ಟಿಯಾಗಿ ಮೆತ್ತಿಕೊಂಡಿತ್ತು.

ಕುಂಕುಮ.

ಒದ್ದೆ ಕೈಯಲ್ಲೇ ಹಾಗೇ ಕೂತುಬಿಟ್ಟೆ. ಪಾಲಿಶ್ ಮಾಡಿಸಿದ್ದೀರಾ ಎಂದು ನಾನು ಕೇಳಿದ್ದೆ. ಅವರು ಇಲ್ಲ ಎಂದಿದ್ದರು. ದೇವರ ಸಾಮಾನು ತಿಕ್ಕುವುದಕ್ಕೆ ನಮ್ಮ ಕಡೆ ಯಾವ ಹೆಂಗಸು ಪಾಲಿಶ್ ಅನ್ನುತ್ತಾಳೆ? ನಾನು ಅನ್ನುತ್ತೇನೆಯೇ? ಒಣಮೀನಿನ ವಾಸನೆ ಹಿಡಿಯುವಾಗ ನಾನು ಕಾರವಾರದ ಅಡುಗೆಮನೆಯವಳು. ಮುರುಗಲ ಸಿಪ್ಪೆ ಎದುರಿಗೇ ಬಂದು ಕೂತಾಗ ಅಡುಗೆಮನೆಯನ್ನೇ ಕಾಣದ ಪುಣೆಯ ಸಂಗ್ರಾಹಕಿ.

ಮರುದಿನವೇ ಹೊರಟೆ. ಸಿಕ್ಕಿದ ಬಸ್ಸು ಅಂಕೋಲೆ ಪೇಟೆಯ ಒಳಗೆ ಹೋಗುವುದಿಲ್ಲವೆಂದು ಹೆದ್ದಾರಿಯ ಬಾಳೆಗುಳಿಯಲ್ಲೇ ಇಳಿಸಿತು. ಅಲ್ಲಿಂದ ರಿಕ್ಷಾ ಹಿಡಿದು ಭಾವಿಕೇರಿ. ದಾರಿಯುದ್ದಕ್ಕೂ ಇನ್ನೊಂದು ಯೋಚನೆ ಕಾಡುತ್ತಿತ್ತು. ಈಗ ನಾನು ಪಾಪ ಕಂಡು ಖರೆ ಅನ್ನಲು ಹೊರಟಿದ್ದೇನೆಯೇ? ಕುಂಕುಮ ಎಂದ ಮಾತ್ರಕ್ಕೆ ಅಸಲಿಯಾಗುತ್ತದೆಯೇ? ನಕಲಿಗೂ ಕುಂಕುಮ ಹಚ್ಚಬಹುದಲ್ಲ. ಸಂಶಯದ ಚಾಳಿ ಅಷ್ಟು ಬೇಗ ಬಿಡುವುದಿಲ್ಲ ನೋಡಿ.

ಗಿರಿಜಕ್ಕ ಆಶ್ಚರ್ಯಪಡಲಿಲ್ಲ. "ಬನ್ನಿ, ಆಸ್ರಿಗೆ ಬೇಕಾ?" ಎಂದರು. ಕುಡಿಯಲು ಏನೂ ಬೇಡ, ನಿಮ್ಮ ದೇವರ ಗೂಡು ನೋಡಬೇಕು ಎಂದೆ. ಗೋಡೆಯೊಳಗಿನ ಚಿಕ್ಕ ಗೂಡು. ಒಂದು ಮರದ ಹಲಗೆ, ನಾಲ್ಕು ಮೂರ್ತಿ, ಒಂದು ಶಂಖ. ಶಂಖದ ಪಕ್ಕದಲ್ಲಿ ಬಿಲ್ಲೆಯಷ್ಟೇ ಅಗಲದ ಜಾಗ ಖಾಲಿ ಇತ್ತು. ಅಲ್ಲಿ ಹಲಗೆಯ ಬಣ್ಣ ಬೇರೆ.

"ಇಲ್ಲಿ ಇತ್ತಾ?"

"ಹೌದು. ನೀವು ಸುಳ್ಳು ಅಂದ ದಿನವೇ ತೆಗ್ದೆ. ಸುಳ್ಳು ವಸ್ತು ದೇವ್ರ ಹತ್ರ ಇಡೂಕೆ ಬತ್ತದ್ಯಾ?"

ಅದನ್ನು ಅಲ್ಲಿ ಇಟ್ಟದ್ದು ಅವರ ತಾಯಿಯಂತೆ. ಊರಿನವರು ಹೋಟ್ಲು ಬೀರಣ್ಣ ಎಂದು ಕರೆಯಲು ಶುರು ಮಾಡಿದ ವರ್ಷ, ಆಕೆ ಗಂಡನ ಟೋಪಿಯಿಂದ ಬಿಲ್ಲೆ ಬಿಚ್ಚಿ ತಂದು ದೇವರ ಪಕ್ಕಕ್ಕೆ ಇಟ್ಟಳು. "ಇದು ಸುಳ್ಳಾದ್ರೆ ದೇವ್ರೇ ನೋಡ್ಕಳ್ಲಿ ಅಂದ್ಲಂತೆ ಅವ್ವಿ. ಅಲ್ಲಿಂದ ದೇವ್ರ ಸಂತಿಗೇ ಅದಕ್ಕೂ ಪೂಜೆ. ಪ್ರತಿ ಶುಕ್ರವಾರ ಹುಳಿ ಹಾಕಿ ತಿಕ್ಕೂದು, ಕುಂಕ್ಮ ಹಚ್ಚೂದು. ಅವ್ವಿ ಇರೂತನ್ಕ ಅವ್ಳು, ಆಮೇಲೆ ನಾನು."

ಲೆಕ್ಕ ಹಾಕಿ. ಎಪ್ಪತ್ತಕ್ಕೂ ಹೆಚ್ಚು ವರ್ಷ, ವಾರಕ್ಕೊಮ್ಮೆ. ಗಂಡನ ಮಾತು ನಿಜವೆಂದು ಸಾಧಿಸಲು ಒಬ್ಬ ಹೆಂಗಸು, ಆಮೇಲೆ ಅವಳ ಮಗಳು, ಆ ನಿಜದ ಗುರುತುಗಳನ್ನೆಲ್ಲ ತಮ್ಮ ಕೈಯಾರೆ ತಿಕ್ಕಿ ಅಳಿಸಿದ್ದರು. ನಾನು ಬಂದು ಅದಕ್ಕೆ ಸಹಿ ಹಾಕಿದೆ.

"ನನ್ನ ಕೈ ನೋಡಿ," ಎಂದು ಗಿರಿಜಕ್ಕ ಹೆಬ್ಬೆರಳು ತೋರಿಸಿದರು. ಗೆರೆಗಳೇ ಇಲ್ಲ. "ರೇಷನ್ ಅಂಗಡಿ ಮಷಿನ್ನು ನಾನು ನಾನಲ್ಲ ಅಂತದೆ. ನೀವೂ ಹಂಗೇ ಅಂದ್ರಿ, ಇರ್ಲಿ."

ನಾನೂ ಪ್ರತಿ ನವೆಂಬರ್‌ನಲ್ಲಿ ಬ್ಯಾಂಕಿಗೆ ಹೋಗಿ ಬದುಕಿದ್ದೇನೆಂದು ಸಾಬೀತು ಮಾಡಿ ಬರುವವಳು. ಎದುರಿಗೆ ನಿಂತು ನಮಸ್ಕಾರ ಹೇಳಿದರೂ ಸಾಲುವುದಿಲ್ಲ, ಕಾಗದ ಬೇಕು. ಎಷ್ಟು ಬೈದುಕೊಳ್ಳುತ್ತೇನೆ ಆ ದಿನ. ಮನೆಗೆ ಬಂದು ಅದೇ ಕೆಲಸವನ್ನು ಇನ್ನೊಬ್ಬರಿಗೆ ಮಾಡುತ್ತೇನೆ, ಲೆಟರ್‌ಹೆಡ್ ಸಮೇತ.

ಬಿಲ್ಲೆ ಎಲ್ಲಿ ಎಂದು ಕೇಳಿದೆ. ಒಳಗಿನ ಪೆಟ್ಟಿಗೆಯಲ್ಲಿ ಎಂದು ಸೊಂಟದಿಂದ ಬೀಗದ ಕೈ ಗೊಂಚಲು ತೆಗೆದರು. ಐದಾರು ಬೀಗದ ಕೈಗಳನ್ನು ಒಂದು ಮಾಸಲು ಬಿಳಿಯ ಬಳೆಯಂಥದ್ದಕ್ಕೆ ದಾರದಿಂದ ಕಟ್ಟಿತ್ತು. ಬಳೆಗೆ ತೀರಾ ಸಣ್ಣದು. ಉಂಗುರ. ಮೇಲೆ ಚಪ್ಪಟೆ ಮಾಡಿ ಉಗುರಿನಷ್ಟು ದೊಡ್ಡ ನಕ್ಷತ್ರ ಕೊರೆದಿದ್ದರು. ಕೈಯಲ್ಲೇ ಕೊರೆದದ್ದು, ಒಂದು ಮೂಲೆ ಸೊಟ್ಟ.

"ಅದಾ? ಅಪ್ಪಂದೇಯ. ಬಿದ್ದ ವಿಮಾನದ ತಗಡಿಂದ ಮಾಡ್ದೆ ಅಂತಿದ್ದ. ಜನ ನಗಾಡ್ತಿದ್ರು. ಬೆಳ್ಳಿ ಅಲ್ಲ, ಬಂಗಾರ ಅಲ್ಲ, ಹಿಂಡಾಲಿಯಂ. ಎಂತಕ್ಕೆ ಬತ್ತದೆ ಅಂತ ಅವ್ವಿ ಬೀಗದ್ ಕೈಗೆ ಹಾಕ್ತು."

ಬಾಗಿಲ ಬೆಳಕಿಗೆ ಹೋಗಿ ಕೂತೆ. ಉಂಗುರದ ಒಳಬದಿಯಲ್ಲಿ ಎಣ್ಣೆ, ಬೆವರು, ದಾರದ ಜಿಡ್ಡು ಸೇರಿ ಕಪ್ಪಗೆ ಪದರ ಕಟ್ಟಿತ್ತು. ಇದನ್ನು ಯಾರೂ ತಿಕ್ಕಿರಲಿಲ್ಲ, ಯಾರೂ ಪೂಜಿಸಿರಲಿಲ್ಲ. ನಾನು ಜನ್ಮವಿಡೀ ಹುಡುಕುವ ಕೊಳೆ ಅದು, ಯಾವ ಮೀನಿನ ಡಬ್ಬಿಯಲ್ಲೂ ಹುಟ್ಟದ ಕೊಳೆ. ಬಟ್ಟೆಯಿಂದ ಮೆಲ್ಲಗೆ ಒರೆಸಿದಾಗ ಒಳಗೆ ಮೊಳೆಯಿಂದ ಗೀರಿದ ಐದು ಅಂಕೆಗಳು ಕಂಡವು. ಕೊನೆಯ ಮೂರು ಅಂಕೆಗಳು: ನಾಲ್ಕು ಒಂದು ಏಳು.

ಆಮೇಲೆ ಬಿಲ್ಲೆ. ಈ ಸಲ ಸೂಜಿ ಹಿಡಿದು ಕೊಂಡಿಯ ಬುಡದ ಕುಂಕುಮವನ್ನು ಎಬ್ಬಿಸಿದೆ. ಪದರ ಪದರವಾಗಿ ಬಂತು. ಅದರ ಕೆಳಗೆ, ಹುಳಿ ತಲುಪದ ಕಡೆ, ಹಳೆಯ ಕಪ್ಪು ಹಾಗೇ ಇತ್ತು. ಬಿಲ್ಲೆಯ ಅಂಚಿನಲ್ಲಿ ಅಚ್ಚು ಕತ್ತರಿಸಿದ ಸಣ್ಣ ಏಣು ಬೆರಳಿಗೆ ಹತ್ತಿತು. ಎರಕದ ಬಿಲ್ಲೆಗೆ ಅದು ಇರುವುದಿಲ್ಲ. ಅಂಚನ್ನು ಮುಟ್ಟಿ ನೋಡುವುದು ಈ ಕೆಲಸದ ಮೊದಲ ಪಾಠ. ಅವತ್ತು ನನ್ನ ಟೇಬಲ್ಲಿನ ಮೇಲೆ ನಾನು ಅಂಚನ್ನು ಮುಟ್ಟಿಯೇ ಇರಲಿಲ್ಲ. ಕೆಂಪು ಕಂಡ ಖುಷಿಯಲ್ಲಿ ಬೇಡವೆನಿಸಿತ್ತು. ಕೊನೆಗೆ ಎಡಗಡೆಯ ಕೊಂಡಿಯ ಕೆಳಗೆ, ಕುಂಕುಮ ಎದ್ದ ಜಾಗದಲ್ಲಿ, ಉಳಿಯಿಂದ ಹೊಡೆದ ಅಂಕೆಗಳು. ಮೊದಲಿನವು ಸವೆದು ಹೋಗಿದ್ದವು. ಉಳಿದ ಮೂರು ಓದಲು ಬರುತ್ತಿದ್ದವು. ನಾಲ್ಕು ಒಂದು ಏಳು.

ಗಿರಿಜಕ್ಕನಿಗೆ ತೋರಿಸಿದೆ. ಐಗ್ಲಾಸನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ಅವರು ಹುಬ್ಬಿಗೆ ಒತ್ತಿಕೊಂಡು ಬಹಳ ಹೊತ್ತು ನೋಡಿದರು. ಕಂಡಿತೋ ಇಲ್ಲವೋ ಗೊತ್ತಿಲ್ಲ. "ಹಂಗಾರೆ ಹೋಗಿದ್ದ," ಎಂದರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದರು. ನನಗೆ ಅವರ ಹಿಂದೆ ಹೋಗುವ ಧೈರ್ಯವಾಗಲಿಲ್ಲ.

ಅಲ್ಲಿಂದ ಇಬ್ಬರೂ ಹಮ್ಮಣ್ಣ ನಾಯಕರ ಮನೆಗೆ ಹೋದೆವು. ಅವರು ಬಿಲ್ಲೆಯನ್ನೂ ಉಂಗುರವನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದರು, ಒಳಗೆ ಹೋಗಿ ಟಾರ್ಚ್ ತಂದು ನೋಡಿದರು. "ಇದು ಸಿಪಾಯಿ ನಂಬ್ರೇಯ ಅಕ್ಕೋರೆ. ನಾವು ಹೆಸ್ರು ಮರ್ತೇವು, ನಂಬ್ರ ಮರೆಯೂದಿಲ್ಲ. ಗುಜರಿ ಬಿಲ್ಲೆ ತಂದವ ಅದೇ ನಂಬ್ರ ಉಂಗ್ರದ ಒಳಗೆ ಯಾರಿಗೆ ತೋರ್ಸೂಕೆ ಗೀರ್ತ?" ಎಂದರು. ನಾನು ಎರಡನೇ ಕಾಗದ ಬರೆದುಕೊಟ್ಟೆ. ಮೊದಲನೆಯದನ್ನು ವಾಪಸ್ ಕೊಡಿ, ಹರಿದು ಹಾಕುತ್ತೇನೆ ಎಂದೆ. ಅವರು ಕೊಡಲಿಲ್ಲ. "ಇರ್ಲಿ. ಫೈಲಿನಲ್ಲಿ ಎರಡೂ ಇರಬೇಕು," ಎಂದರು. ಸೈನ್ಯದವರ ಶಿಸ್ತು.

ಆದರೆ ಕಲ್ಲು ಆಗಲೇ ನಿಂತಿತ್ತು. ಆಗಸ್ಟ್ ಹದಿನೈದಕ್ಕೆ ಧ್ವಜ ಹಾರಿಸಿ, ಶಾಲೆಯ ಮಕ್ಕಳಿಂದ ಹಾಡಿಸಿ, ತೆರೆ ಸರಿಸಿದ್ದರು. ಹೆಸರುಗಳನ್ನು ಸೈನ್ಯಕ್ಕೆ ಸೇರಿದ ವರ್ಷದ ಪ್ರಕಾರ ಕೆತ್ತಿಸಿದ್ದರು, ಹಳಬರು ಮೇಲೆ, ಹೊಸಬರು ಕೆಳಗೆ. ಆ ಲೆಕ್ಕದಲ್ಲಿ ಬೀರಣ್ಣನ ಹೆಸರು ಎಲ್ಲರಿಗಿಂತ ಮೇಲೆ, ಮೊದಲನೆಯದಾಗಿ ಇರಬೇಕಿತ್ತು. ನಾನು ಅವತ್ತು ಅಂಚು ಮುಟ್ಟಿದ್ದರೆ ಇರುತ್ತಿತ್ತು. ಈಗ ಮೇಲೆ ಜಾಗವಿಲ್ಲ. ಕೆಳಗೆ, ಕಳೆದ ವರ್ಷ ಸೇರಿದವನ ಹೆಸರಿನ ಕೆಳಗೆ, ನಾಲ್ಕು ಬೆರಳು ಜಾಗ ಉಳಿದಿತ್ತು.

ಹೋದ ಭಾನುವಾರ ನೋಡಿ ಬಂದೆ. ಮೊದಲು ಕೆತ್ತಿದವನು ಸಿಗಲಿಲ್ಲವೆಂದು ಬೇರೆಯವನಿಂದ ಕೆತ್ತಿಸಿದ್ದಾರೆ. ಅಕ್ಷರ ಚೂರು ದಪ್ಪ, ಚೂರು ಓರೆ. ಉಳಿದ ಹೆಸರುಗಳ ಬಂಗಾರದ ಬಣ್ಣ ಮಳೆಗೆ ಸ್ವಲ್ಪ ಮಾಸಿದೆ, ಇದರದು ಹೊಸದಾಗಿ ಮಿನುಗುತ್ತಿದೆ. ಗಿರಿಜಕ್ಕ ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅಪ್ಪನ ಹೆಸರಿನ ಮೇಲೆ ಆ ಗೆರೆಯಿಲ್ಲದ ಹೆಬ್ಬೆರಳು ಆಡಿಸುತ್ತಿದ್ದರು. ಕ್ಷಮಿಸಿ ಎಂದೆ. ಮೇಲೆ ಇರಬೇಕಿತ್ತು ಎಂದೆ.

"ಅಡ್ಡಿಲ್ಲ ಅಕ್ಕೋರೆ," ಎಂದರು. "ಊಟಕ್ಕೆ ಕರೆದ್ರೂ ಅಪ್ಪ ಕಡೆ ಪಂಕ್ತಿಗೇ ಕೂರ್ತಿದ್ದ."

ಅಷ್ಟರಲ್ಲಿ ಕಂಪೌಂಡಿನ ಆಚೆ ಬೈಕ್ ನಿಲ್ಲಿಸಿದ ಒಬ್ಬರು ಕಲ್ಲಿನ ಕಡೆ ನೋಡಿ ಜೊತೆಯವರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ಕಡೇದ್ದು ಕಂಡ್ಯಾ? ಆಮೇಲೆ ತುರ್ಕಿದ್ದು." ಗಿರಿಜಕ್ಕನಿಗೆ ಕೇಳಿಸಲಿಲ್ಲ ಎಂದು ನಂಬಿದ್ದೇನೆ.

ಬೇರೆ ಕೈ, ಬೇರೆ ಉಳಿ, ಹೊಸ ಬಣ್ಣ, ವರ್ಷದ ಸಾಲಿಗೆ ಹೊಂದದ ಜಾಗ: ಇನ್ನು ಐವತ್ತು ವರ್ಷ ಬಿಟ್ಟು ನನ್ನಂಥವಳೊಬ್ಬಳು ಐಗ್ಲಾಸ್ ಸಿಕ್ಕಿಸಿಕೊಂಡು ಆ ಕಲ್ಲಿನ ಮುಂದೆ ಬಂದು ನಿಂತರೆ, ಯಾವ ಹೆಸರನ್ನು ಸುಳ್ಳು ಎಂದು ಬರೆದುಕೊಟ್ಟು ಹೋಗುತ್ತಾಳೆ ಹೇಳಿ?